ಗೆರೆಯಿಲ್ಲದ ಎನ್‌ಫೀಲ್ಡ್: ಕುಂಬಳೆ ಸೀಮೆಯ ಒಂದು ಕೇಪಿನ ಕೋವಿಯ ದುರಸ್ತಿ

ಕೋವಿ ಬಂದದ್ದು ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ಒಂದು ಗುತ್ತಿನ ಮನೆಯಿಂದ. ಲೈಸನ್ಸು ಪುಸ್ತಕದಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಶಬ್ದ: ಎಸ್‌ಬಿಎಂಎಲ್. ಅಂದರೆ ಬಾಯಿಯಿಂದ ಈಡು (ಮದ್ದು, ಚರೆ ಅಥವಾ ಗುಂಡು) ತುಂಬುವ ಒಂಟಿ ನಳಿಗೆಯ ಕೋವಿ. ಇದು ಕೇಪಿನದು: ಕುದುರೆ ಎಂಬ ಸುತ್ತಿಗೆ ಕೇಪು ಎಂಬ ಸಿಡಿಮದ್ದಿನ ಸಣ್ಣ ಟೊಪ್ಪಿಗೆ ಬಡಿದಾಗ ಬರುವ ಕಿಡಿ ಒಳಗಿನ ಮದ್ದಿಗೆ ತಾಗುತ್ತದೆ. ಮನೆಯವರ ಪ್ರಕಾರ ಅದು 1857ರ ದಂಗೆ ಕಾಲದ ರೈಫಲ್ಲು, 1853ರ ಮಾದರಿಯ ಎನ್‌ಫೀಲ್ಡ್. ಹಿಂಬದಿಯ ಏಣಿ ಸೈಟು (ದೂರಕ್ಕೆ ತಕ್ಕಂತೆ ಏರಿಸಿ ಇಳಿಸಿ ಗುರಿ ಹಿಡಿಯುವ ಭಾಗ) ಯಾವತ್ತೋ ಕಳೆದುಹೋಗಿದೆ, ಗುಂಡನ್ನು ತಿರುಗಿಸುವ ನಳಿಗೆಯೊಳಗಿನ ಸುರುಳಿ ಗೆರೆ ಸವೆದು ನುಣ್ಣಗಾಗಿದೆ ಎಂಬುದು ಅವರ ನಂಬಿಕೆ. ಅವರ ಕೋರಿಕೆ ಮೂರು: ಏಣಿ ಸೈಟು ಕೂರಿಸಬೇಕು, ಮರ ಪೂರ್ತಿ ಹೊಸದಾಗಬೇಕು, ಹಿತ್ತಾಳೆ ಪಳಪಳ ಹೊಳೆಯಬೇಕು. ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಯಾಕೆ ಮಾಡಲಿಲ್ಲ, ಬದಲಿಗೆ ಏನು ಮಾಡಲಾಯಿತು ಎಂಬುದೇ ಈ ಪ್ರಕರಣ.

ಕಾಗದದ ಕೆಲಸ

ಲೈಸನ್ಸು ಇದ್ದ ಹಿರಿಯರು ತೀರಿಕೊಂಡಾಗ ಕೋವಿಯನ್ನು ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಠಾಣೆಯಲ್ಲಿ ಠೇವಣಿ ಇಡಲಾಗಿತ್ತು. ವಾರಸುದಾರರ ಹೆಸರಿಗೆ ಹೊಸ ಲೈಸನ್ಸು ಆದ ಮೇಲೆಯೇ ಅದು ಹೊರಬಂತು. ಕೋವಿ ರಿಪೇರಿಗೂ 1959ರ ಈ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸನ್ಸು ಬೇಕು. ಹಾಗಾಗಿ ಲೋಹದ ಕೆಲಸವೆಲ್ಲ ಲೈಸನ್ಸು ಇರುವ ಕೋವಿ ಮೇಸ್ತ್ರಿಯ ಅಂಗಡಿಯಲ್ಲೇ ನಡೆಯಿತು, ಅವರ ದಫ್ತರದಲ್ಲಿ ದಾಖಲಾಗಿ. ಊರಿನ ಒಳ್ಳೆಯ ಕಮ್ಮಾರನ ಕೈಗೆ ಕೊಟ್ಟರೂ ಅದು ಅಪರಾಧವೇ.

ಹಳೆ ಕೋವಿ ಇರುವ ಮನೆಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದು. ಕಾಯ್ದೆಯ ಕಣ್ಣಿನಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ವಿದೇಶದ ಅಂಗಡಿಯಿಂದ ಒಂದು ಕುದುರೆಯನ್ನೋ ಲಾಕನ್ನೋ (ಕುದುರೆಯನ್ನು ಬಡಿಸುವ ಯಂತ್ರಭಾಗ) ಅಂಚೆಯಲ್ಲಿ ತರಿಸಿದರೆ ಅದು ಆಯುಧದ ಆಮದು. ನೇಪಾಳದ ಹಳೆ ಶಸ್ತ್ರಾಗಾರದ ರಾಶಿ 2003ರಲ್ಲಿ ಅಮೆರಿಕದ ವ್ಯಾಪಾರಿಗಳ ಕೈಸೇರಿದ ಮೇಲೆ ಎನ್‌ಫೀಲ್ಡ್ ಭಾಗಗಳು ಅಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಆ ದಾರಿ ನಮಗೆ ಮುಚ್ಚಿದೆ. ಇಲ್ಲಿ ಮೂಲ ಭಾಗ ಬೇಕೆಂದರೆ ದೇಶದೊಳಗಿನ ಲೈಸನ್ಸುದಾರ ವ್ಯಾಪಾರಿಗಳ ಹಳೆ ದಾಸ್ತಾನಿನಲ್ಲೇ ಹುಡುಕಬೇಕು.

1853ರ ಮಾದರಿಯ ಕೋವಿಗಳಿಗೆ ಸೀರಿಯಲ್ ನಂಬರು ಇರುವುದಿಲ್ಲ. ಈ ಕೋವಿಯ ನಳಿಗೆಯ ಬುಡದಲ್ಲಿ ಯಾರೋ ಒರಟಾಗಿ ಕೊರೆದ ಲೈಸನ್ಸು ನಂಬರು ಇತ್ತು. ನೋಡಲು ಚೆಂದವಿಲ್ಲ, ಆದರೆ ಕೋವಿಗೂ ಪುಸ್ತಕಕ್ಕೂ ಇರುವ ಕೊಂಡಿ ಅದೊಂದೇ. ಗುರುತು ಅಳಿಸುವುದು 8ನೇ ಸೆಕ್ಷನ್ನಿನ ಉಲ್ಲಂಘನೆ. ತುಕ್ಕು ತೆಗೆಯುವಾಗ ಆ ಜಾಗವನ್ನು ಉಜ್ಜಲು ಎಣ್ಣೆ, ಬಟ್ಟೆ ಬಿಟ್ಟು ಬೇರೇನೂ ಬಳಸಲಿಲ್ಲ.

ಎಲ್ಲಕ್ಕಿಂತ ಮೊದಲು ಕೋಲು

ಬಾಯಿಯಿಂದ ತುಂಬುವ ಕೋವಿ ಖಾಲಿ ಇದೆ ಎಂದು ಯಾರು ಹೇಳಿದರೂ ನಂಬಬಾರದು. 10 ಮಿ.ಮೀ. ದಪ್ಪದ ಮರದ ಕೋಲನ್ನು ನಳಿಗೆಯ ತಳ ಮುಟ್ಟುವ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ, ಅದೇ ಕೋಲನ್ನು ನಳಿಗೆಯ ಹೊರಮೈಗೆ ಹಿಡಿಯಬೇಕು. ಖಾಲಿ ಕೋವಿಯಲ್ಲಿ ಕೋಲಿನ ತುದಿ ನಿಪ್ಪಲ್ (ಕೇಪು ತೊಡಿಸುವ ತೂತಿನ ಮೊನೆ) ಕೂತ ಉಬ್ಬಿನ ಹತ್ತಿರಕ್ಕೆ ಬರುತ್ತದೆ. ಇಲ್ಲಿ 60 ಮಿ.ಮೀ. ಹಿಂದೆಯೇ ನಿಂತಿತು. ಕೋಲು ಬಿಟ್ಟಾಗ ಲೋಹದ ಟಣ್ ಸದ್ದೂ ಬರಲಿಲ್ಲ, ಮೆತ್ತಗಿನ ಧಬ್ ಬಂತು. ಒಳಗೆ ಈಡು ಇತ್ತು.

ಠಾಣೆಗೆ ತಿಳಿಸಿ, ಮೇಸ್ತ್ರಿಯೇ ಮುಂದಿನ ಕೆಲಸ ಮಾಡಿದರು. ಇಂಥಲ್ಲಿ ಬಿಸಿ ಮಾಡುವುದು, ಡ್ರಿಲ್ ಹಾಕುವುದು, ನಿಪ್ಪಲನ್ನು ಒಣಗಿದ ಸ್ಥಿತಿಯಲ್ಲಿ ತಿರುಗಿಸುವುದು ಮೂರೂ ಪ್ರಾಣಕ್ಕೆ ಸಂಚಕಾರ. ಕರಿ ಮದ್ದು ನೂರು ವರ್ಷ ಕಳೆದರೂ ಒಣಗಿದ್ದರೆ ಉರಿಯುತ್ತದೆ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಾಯಿಯಿಂದ ನೀರು ತುಂಬಿ ಮೂರು ದಿನ ಬಿಡಲಾಯಿತು, ದಿನಕ್ಕೊಮ್ಮೆ ನೀರು ಬದಲಿಸಿ. ಮದ್ದಿನಲ್ಲಿರುವ ಪೆಟ್ಲುಪ್ಪು ನೀರಿನಲ್ಲಿ ಕರಗಿ ಹೋಗುತ್ತದೆ. ಉಳಿಯುವುದು ಇದ್ದಿಲು ಮತ್ತು ಗಂಧಕ. ಆಮೇಲೆ ಸುರುಳಿ ಕೊಕ್ಕೆ ಹಾಕಿದ ಕೋಲಿನಿಂದ ಎಳೆದಾಗ ಕ್ರಮವಾಗಿ ಬಂದದ್ದು ತೆಂಗಿನ ನಾರಿನ ಉಂಡೆ, ಒಂದಕ್ಕೊಂದು ಅಂಟಿ ಬಿಳಿಯಾದ ಸೀಸದ ಚರೆ, ಮತ್ತೆ ನಾರು, ಕೊನೆಗೆ ಕಪ್ಪು ಕೆಸರು. ಕಾಡುಹಂದಿಗೆಂದು ತುಂಬಿ, ಹಂದಿ ಬರದೆ, ಹಾಗೆಯೇ ಗೋಡೆಗೆ ತೂಗಿದ ಈಡು. ಕೆಸರನ್ನು ಒಣಗಲು ಬಿಡದೆ ಬಕೆಟ್ ನೀರಿಗೆ ಕಲಸಿ ವಿಲೇವಾರಿ ಮಾಡಲಾಯಿತು.

ಇದು ಯಾವ ಕೋವಿ

ಲಾಕಿನ ತಗಡಿನಲ್ಲಿ ಕುದುರೆಯ ಹಿಂದೆ ಕಿರೀಟ ಮತ್ತು ವಿ.ಆರ್. (ವಿಕ್ಟೋರಿಯಾ ರಾಣಿಯ ಗುರುತು), ಮುಂದೆ 1859 ಮತ್ತು ಟವರ್ ಎಂಬ ಮುದ್ರೆ. ನಳಿಗೆ 39 ಇಂಚು, ಅದನ್ನು ಮರಕ್ಕೆ ಬಿಗಿಯುವ ಪಟ್ಟಿ ಮೂರು. ಇಷ್ಟು ನೋಡಿದರೆ 1853ರ ಎನ್‌ಫೀಲ್ಡ್ ಎಂದೇ ಯಾರಾದರೂ ಹೇಳುತ್ತಾರೆ. ಆದರೆ ನಳಿಗೆಯ ಒಳವ್ಯಾಸ ಬಾಯಿಯಲ್ಲೂ, ಬುಡದ ಹತ್ತಿರವೂ 16.7 ಮಿ.ಮೀ. ಬಂತು. 1853ರ ರೈಫಲ್ಲಿನ ಒಳವ್ಯಾಸ 0.577 ಇಂಚು, ಅಂದರೆ 14.66 ಮಿ.ಮೀ. ಅದರ ಮೂರು ಗೆರೆಗಳ ಆಳ ಅರ್ಧ ಮಿಲಿಮೀಟರಿಗೂ ಕಡಿಮೆ. ಎಷ್ಟು ಗುಂಡು ಹೊಡೆದರೂ ನಳಿಗೆ ಉದ್ದಕ್ಕೂ ಒಂದೇ ಸಮನಾಗಿ ಎರಡು ಮಿ.ಮೀ. ಸವೆಯುವುದಿಲ್ಲ. ಇದು ಸವೆತವಲ್ಲ, ಕಾರ್ಖಾನೆಯಲ್ಲೇ ಕೊರೆದದ್ದು.

1857ರ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳ ಕೈಗೆ ದೂರಕ್ಕೆ ನಿಖರವಾಗಿ ಹೊಡೆಯುವ ರೈಫಲ್ಲು ಕೊಡಲು ಹಿಂಜರಿದರು. ಅದಕ್ಕೆಂದೇ ಬಂದದ್ದು 1858ರ ಮಾದರಿ: ಅದೇ ಎನ್‌ಫೀಲ್ಡ್, ಆದರೆ ಗೆರೆಯನ್ನು ಕೊರೆದು ತೆಗೆದು ಒಳವ್ಯಾಸವನ್ನು 0.656 ಇಂಚಿಗೆ ಹಿಗ್ಗಿಸಿ, ಏಣಿ ಸೈಟಿನ ಜಾಗದಲ್ಲಿ ಅಲುಗಾಡದ ಸಣ್ಣ ಸೈಟು ಕೂರಿಸಿದ್ದು. ಕೊರೆದಷ್ಟೂ ನಳಿಗೆಯ ಗೋಡೆ ತೆಳುವಾಯಿತು. ಉಬ್ಬುವುದು, ಬಾಗುವುದು ಶುರುವಾಯಿತು. ಆಗ ದಪ್ಪ ಗೋಡೆಯ 1859ರ ಮಾದರಿ ತಂದರು. ಈ ಕೋವಿಯ ಗೋಡೆ ಬಾಯಿಯಲ್ಲಿ 1.6 ಮಿ.ಮೀ. ಮಾತ್ರ. ಬಾಯಿಯಿಂದ ಸುಮಾರು ಒಂದು ಅಡಿ ಕೆಳಗೆ ನೇರಪಟ್ಟಿ ಇಟ್ಟರೆ ಬೆಳಕು ಕಾಣುವಷ್ಟು ಉಬ್ಬೂ ಇದೆ. ಲಾಕಿನ ಇಸವಿ 1859 ಆದರೂ ಮಾದರಿ 1858ರದೇ. ಲಾಕಿನ ಇಸವಿ ನೋಡಿ ಮಾದರಿ ಹೇಳುವ ಅಭ್ಯಾಸ ಬಹಳ ಕಡೆ ಇದೆ; ಅದು ಲಾಕು ತಯಾರಾದ ವರ್ಷವನ್ನಷ್ಟೇ ಹೇಳುತ್ತದೆ.

ಹಾಗಾಗಿ ಮನೆಯವರು ಮೋಟು ಎಂದುಕೊಂಡಿದ್ದ ಸಣ್ಣ ಸೈಟೇ ಈ ಕೋವಿಯ ನಿಜವಾದ ಸೈಟು. ಅದರ ಅಕ್ಕಪಕ್ಕ ಏಣಿ ಸೈಟಿನ ಉದ್ದ ತಳ ಕೂತಿದ್ದ ಬೆಸುಗೆಯ ಗುರುತೂ ಇರಲಿಲ್ಲ. ಅದರ ಮೇಲೆ 1853ರ ಏಣಿ ಸೈಟು ಬೆಸೆದಿದ್ದರೆ, ಆ ಸೈಟು ಎಷ್ಟೇ ಅಸಲಿಯಾದರೂ ಕೋವಿ ಸುಳ್ಳಾಗುತ್ತಿತ್ತು. ಯಾವ ಸೈನ್ಯದ ಕೈಯಲ್ಲಿ ಅದು ಹೇಗಿತ್ತೆಂಬ ಸಾಕ್ಷಿಯೇ ಆ ಸಣ್ಣ ಸೈಟು. ಕಾನೂನಿನ ಲೆಕ್ಕದಲ್ಲೂ ನುಣುಪು ನಳಿಗೆ ಮುಖ್ಯ: ಬೆಳೆ ರಕ್ಷಣೆಗೆ, ಬಾಯಿಯಿಂದ ತುಂಬುವ ಕೋವಿಗೆ ಕೊಡುವ ಲೈಸನ್ಸಿನ ಅಡಿಯಲ್ಲಿ ಈ ಕೋವಿ ಉಳಿದು ಬಂದದ್ದು. ಗೆರೆ ಇರುವ ನಳಿಗೆ ಕೂರಿಸಿದರೆ ಅದು ಬೇರೆಯೇ ಆಯುಧ.

ಯಾವುದು ಇದರದ್ದು, ಯಾವುದು ಅಲ್ಲ

ಟವರ್ ಎಂದಿರುವ ಈ ಕೋವಿಗಳು ಬರ್ಮಿಂಗ್‌ಹ್ಯಾಮ್, ಲಂಡನ್ನಿನ ಗುತ್ತಿಗೆದಾರರು ಕೈಯಿಂದ ಅರ ಹಾಕಿ ಹೊಂದಿಸಿದವು. ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಯಂತ್ರದಿಂದ ಆದವುಗಳ ಹಾಗೆ ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೇ ಜೋಡಿಸುವವರು ಒಂದೊಂದು ಕೋವಿಯ ಸಣ್ಣ ಭಾಗಗಳಿಗೆಲ್ಲ ಒಂದೇ ಗುರುತು ಹಾಕುತ್ತಿದ್ದರು. ಇಲ್ಲಿ ಆ ಗುರುತು ಮೂರು ಗೀರು: ತಿರುಪಿನ ತಲೆಯ ಕೆಳಗೆ, ಕತ್ತಿನ ಮೇಲೆ, ಸಣ್ಣ ಅರದ ಅಂಚಿನಿಂದ ಅಡ್ಡಲಾಗಿ ಎಳೆದದ್ದು. ಕೊಳೆ ತೆಗೆಯುವ ತನಕ ಅದು ಗೀಚಿದ ಕಲೆಯಂತೆ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಮೂರು ಗೀರೂ ಸ್ಪಷ್ಟ, ನಡುವಿನದು ಸ್ವಲ್ಪ ಓರೆ. ಅದೇ ಓರೆ ಗೀರು ಮೇಲಿನ ಎರಡು ಪಟ್ಟಿಗಳ ಒಳಮೈಯಲ್ಲಿ, ಲಾಕಿನ ಒಳಸೇತುವೆಯಲ್ಲಿ, ಟ್ರಿಗರ್ ತಗಡಿನಲ್ಲಿ ಸಿಕ್ಕಿತು. ಇಂಥ ಗುರುತು ಹುಡುಕದೆ ಭಾಗ ಕೊಳ್ಳಲು ಹೊರಡುವುದು ದುಡ್ಡು ದಂಡ.

ಹೀಗೆ ನೋಡಿದಾಗ ಇದರದ್ದಲ್ಲದ್ದು ಐದು: ಕೆಳಗಿನ ಪಟ್ಟಿಯ ಜಾಗದಲ್ಲಿ ಸುತ್ತಿದ್ದ ತಗಡು, ಲಾಕಿನ ಮುಂದಿನ ತಿರುಪು, ತುಂಡಾದ ಮುಖ್ಯ ಸ್ಪ್ರಿಂಗಿನ ಬದಲು ಹಾಕಿದ್ದ ಗಡಿಯಾರದ ಸ್ಪ್ರಿಂಗಿನ ತುಣುಕು, ಕಟ್ಟಡದ ಕಬ್ಬಿಣದಿಂದ ಮಾಡಿದ ಗಜ (ಈಡನ್ನು ನಳಿಗೆಯ ತಳಕ್ಕೆ ನೂಕುವ ಸಲಾಕೆ), ಮತ್ತು ಮರದ ಎಡಗೋಡೆಯಲ್ಲಿ 180 ಮಿ.ಮೀ. ಉದ್ದದ ತೇಗದ ತೇಪೆ.

ಪಟ್ಟಿಗೆ ಮೊದಲು ಸಿಕ್ಕಿದ್ದು ಬ್ಯಾಡ್ಲಿ ಪಟ್ಟಿ. ತಿರುಪಿನ ತಲೆ ಪಟ್ಟಿಯ ಉರುಟು ಕಿವಿಯೊಳಗೆ ಹುದುಗುವ ಆ ನಮೂನೆ ಬಂದದ್ದು 1861ರ ಹೊತ್ತಿಗೆ. ಅಸಲಿ, ಚೆನ್ನಾಗಿ ಉಳಿದದ್ದು, ಬೆಲೆಯೂ ಸರಿ. ಆದರೂ 1859ರ ಲಾಕಿನ ಕೋವಿಗೆ ಅದು ತಪ್ಪು. ಉಳಿದ ಎರಡು ಪಟ್ಟಿಗಳು ತಿರುಪಿನ ತಲೆ ಹೊರಗೆ ಕಾಣುವ ಹಳೆ ನಮೂನೆಯವು. ಹಾಳಾದ ಇನ್ನೊಂದು ಟವರ್ ಕೋವಿಯ ಭಾಗಗಳು ಒಬ್ಬ ಲೈಸನ್ಸುದಾರ ವ್ಯಾಪಾರಿಯಲ್ಲಿ ಸಿಗುವ ತನಕ ಕಾಯಲಾಯಿತು. ಮೂರು ಪಟ್ಟಿಗಳ ಅಳತೆ ಬೇರೆ ಬೇರೆ, ಕೆಳಗಿನದು ಎಲ್ಲಕ್ಕಿಂತ ದೊಡ್ಡದು. ಬಂದ ಪಟ್ಟಿ ತಿರುಪು ಪೂರ್ತಿ ಬಿಗಿದರೂ ಸ್ವಲ್ಪ ಸಡಿಲವಿತ್ತು. ಪಟ್ಟಿಯನ್ನು ಬಡಿದು ಕಿರಿದು ಮಾಡದೆ, ಮರಕ್ಕೂ ಪಟ್ಟಿಗೂ ನಡುವೆ ತೆಳುವಾದ ತೊಗಲಿನ ಪಟ್ಟಿ ಕೊಡಲಾಯಿತು. ಮರದ ತೊಗಟೆಯಲ್ಲಿ ಹದ ಮಾಡಿದ ತೊಗಲು ಬೇಡ. ಅದರ ಹುಳಿ ಕಬ್ಬಿಣವನ್ನು ಕರಿ ಮಾಡುತ್ತದೆ. ಮೇಣ ಹೀರಿಸಿದ ಎಣ್ಣೆ ತೊಗಲು ಸರಿ.

ಮುಖ್ಯ ಸ್ಪ್ರಿಂಗು ಅದೇ ವ್ಯಾಪಾರಿಯಿಂದ ಬಂತು. ಹಳೆಯದು ತುಂಡಾದದ್ದು ಮಡಿಕೆಯ ಜಾಗದಲ್ಲಿ. ಮುರಿದ ಮೈಯಲ್ಲಿ ಅರ್ಧಭಾಗ ಹಳೆ ಕರಿ ತುಕ್ಕು, ಅರ್ಧ ಹೊಳಪು. ಅಂದರೆ ತುಕ್ಕಿನ ಗುಳಿಯಿಂದ ಬಿರುಕು ಶುರುವಾಗಿ ನಿಧಾನ ಬೆಳೆದದ್ದು. ಕರಾವಳಿಯ ಲಾಕುಗಳಲ್ಲಿ ಸ್ಪ್ರಿಂಗು ಸಾಯುವುದು ಹೆಚ್ಚಾಗಿ ಹೀಗೆಯೇ. ಇದನ್ನು ತೆಗೆಯಲು, ಹಾಕಲು ಸ್ಪ್ರಿಂಗು ಹಿಡಿಕೆಯೇ ಬೇಕು. ಇಕ್ಕಳದಲ್ಲಿ ಹಿಡಿದರೆ ಅದರ ಹಲ್ಲಿನ ಗೀರೇ ಮುಂದಿನ ಬಿರುಕಿನ ಮೂಲ. ಹೊಸದಾಗಿ ಬಂದ ಸ್ಪ್ರಿಂಗಿನ ಗೂಟ ಲಾಕಿನ ತೂತಿಗೆ ಕೂದಲೆಳೆಯಷ್ಟು ದಪ್ಪವಾಯಿತು. ತೂತು ಹಿಗ್ಗಿಸಲಿಲ್ಲ, ಗೂಟವನ್ನೇ ಎಣ್ಣೆಕಲ್ಲಿನಲ್ಲಿ ಇಳಿಸಲಾಯಿತು. ಹೊರಗಿನಿಂದ ಬಂದ ಭಾಗ ಕೋವಿಗೆ ಹೊಂದಬೇಕು. ಕೋವಿ ಅದಕ್ಕೆ ಹೊಂದಬಾರದು. ಕೂರಿಸಿದ ಮೇಲೆ ಕುದುರೆಯನ್ನು ಅರ್ಧಕ್ಕೆ ಎಳೆದು ಟ್ರಿಗರ್ ಒತ್ತಿ, ಅಲ್ಲಿಂದ ಬೀಳುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲಾಯಿತು. ಕುದುರೆಯನ್ನು ಹಿಡಿದಿಡುವ ಕಚ್ಚುಗಳಿಗೆ ಅರ ಮುಟ್ಟಿಸಲಿಲ್ಲ.

ತಿರುಪು ಮೂಲದ್ದು ಸಿಗಲಿಲ್ಲ. ಬಂದ ಎರಡೂ ಥ್ರೆಡ್ಡಿನಲ್ಲಿ ಹೊಂದಲಿಲ್ಲ. ಯಾರೋ 5 ಮಿ.ಮೀ.ಯ ಇಂದಿನ ತಿರುಪನ್ನು ಬಲವಂತವಾಗಿ ಹಾಕಿ ಲಾಕಿನ ಮೊದಲ ಎರಡು ಸುತ್ತು ಕೆಡಿಸಿದ್ದರು, ಒಳಗಿನವು ಚೆನ್ನಾಗಿದ್ದವು. ಹೊಸದಾಗಿ ಟ್ಯಾಪ್ ಹಾಕುವುದು ಸುಲಭ, ಆದರೆ ಹಾಕಿದ ಮೇಲೆ ಮೂಲ ತಿರುಪು ನಾಳೆ ಸಿಕ್ಕರೂ ಕೂರುವುದಿಲ್ಲ. ಹಿಂದಿನ ತಿರುಪಿನ ಅಳತೆ ತೆಗೆದು, ಮೆದು ಉಕ್ಕಿನಲ್ಲಿ, ಲೇತಿನ ಒಂಟಿ ಮೊನೆಯಿಂದ ಅದೇ ಥ್ರೆಡ್ ಕಡಿದು, ತಲೆಯ ಸೀಳನ್ನು ಹಳೆಯದರಷ್ಟೇ ಕಿರಿದಾಗಿ ಬಿಟ್ಟು ಒಂದು ತಿರುಪು ಮಾಡಲಾಯಿತು. ತಲೆಯ ಕೆಳಗೆ, ಮೂರು ಗೀರಿನ ಜಾಗದಲ್ಲಿ, ಮಾಡಿದ ಇಸವಿ ಕೊರೆದಿದೆ. ಮುಂದೆ ಬಿಚ್ಚುವವರಿಗೆ ಇದು ಹೊಸದೆಂದು ತಿಳಿಯಬೇಕು.

ತುಕ್ಕು, ಕಿಲುಬು, ಮರ

ನಳಿಗೆಯ ಕೆಂಪು ತುಕ್ಕನ್ನು ಉಜ್ಜಿ ಬಿಳಿ ಮಾಡಿದರೆ ತುಕ್ಕಿನ ಕೆಳಗಿರುವ ಅಕ್ಷರ, ಗುರುತುಗಳೂ ಹೋಗುತ್ತವೆ. ಕುದಿಸುವುದೇ ಒಳ್ಳೆಯ ದಾರಿ. 1.2 ಮೀಟರ್ ಉದ್ದದ ಸ್ಟೀಲು ತಗಡಿನ ತೊಟ್ಟಿ, ಕೆಳಗೆ ಎರಡು ಗ್ಯಾಸ್ ಒಲೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 12 ಲೀಟರ್. ಬಾವಿ ನೀರಾದರೆ ಅದರ ಉಪ್ಪು ಕಲೆ ಬಿಡುತ್ತದೆ. ಎಣ್ಣೆಯ ಜಿಡ್ಡನ್ನು ಅಸಿಟೋನಿನಲ್ಲಿ ತೆಗೆದು 25 ನಿಮಿಷ ಕುದಿಸಿದರೆ ಕೆಂಪು ತುಕ್ಕು ಗಟ್ಟಿ ಕರಿ ಆಕ್ಸೈಡಾಗಿ ಬದಲಾಗುತ್ತದೆ. ಮೇಲೆ ಮಸಿಯಂತೆ ಉಳಿದದ್ದನ್ನು 0000 ನಂಬರಿನ ಉಕ್ಕಿನ ನಾರಿನಿಂದ ಹಗುರಾಗಿ ಒರಸಬೇಕು. ಅಂಗಡಿಯಿಂದ ತಂದ ಆ ನಾರಿಗೆ ಎಣ್ಣೆ ಸವರಿರುತ್ತದೆ, ಅದನ್ನೂ ಮೊದಲು ತೊಳೆದುಕೊಳ್ಳಬೇಕು. ಮೂರು ಸುತ್ತು ಸಾಕಾಯಿತು. ನಳಿಗೆಯ ಬಾಯಿಗೆ ಬೂಚು ಹಾಕಬಾರದು; ಒಳಗಿನ ಗಾಳಿ ಹಿಗ್ಗಿ ಬೂಚು ಹಾರುತ್ತದೆ. ಲಾಕಿನ ತಗಡು ಮೇಲ್ಮೈ ಗಟ್ಟಿ ಮಾಡಿದ್ದು, ಹುಳಿ ತಾಗಿದರೆ ಅದರ ಬಣ್ಣ ಹೋಗುತ್ತದೆ. ಅಲ್ಲಿ ಎಣ್ಣೆಯಲ್ಲಿ ನೆನೆಸಿ ಹಿತ್ತಾಳೆ ತಗಡಿನ ಅಂಚಿನಿಂದ ಕೆರೆದದ್ದಷ್ಟೇ.

ಹಿತ್ತಾಳೆಯ ಕಿಲುಬಿಗೆ ಕಾರಣ ಮನೆಯವರ ಪ್ರೀತಿಯೇ. ವರ್ಷ ವರ್ಷ ತೆಂಗಿನೆಣ್ಣೆ ಸವರುತ್ತ ಬಂದಿದ್ದರು. ಎಣ್ಣೆ ಕನರಾದಾಗ ಬರುವ ಹುಳಿ ತಾಮ್ರದ ಜೊತೆ ಸೇರಿ ಹಸಿರು ಮೇಣವಾಗುತ್ತದೆ. ಹಿತ್ತಾಳೆ ಮರಕ್ಕೆ ತಾಗುವ ಸಂದಿಯಲ್ಲೆಲ್ಲ ಅದು ಅಂಟಿತ್ತು. ಬಿದಿರಿನ ಕಡ್ಡಿಯಲ್ಲಿ ಕೆರೆದು, ಟರ್ಪೆಂಟೈನ್ ಮತ್ತು ಸ್ಪಿರಿಟಿನಲ್ಲಿ ಒರಸಲಾಯಿತು. ಕಾಲುದೀಪ ತಿಕ್ಕುವ ಹಾಗೆ ಹುಣಸೆಹುಳಿ ಹಾಕಿದರೆ ಹೊಳಪು ಬರುತ್ತದೆ ನಿಜ, ಆದರೆ ಸಂದಿಗೆ ಇಳಿದ ಹುಳಿ ಮರವನ್ನೂ ತಿರುಪನ್ನೂ ತಿನ್ನುತ್ತದೆ. ಅಮೋನಿಯಾ ಇರುವ ಪಾಲಿಶ್ ಅದಕ್ಕಿಂತ ಕೆಟ್ಟದು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆ ತೋಟೆಗಳು ತಾವಾಗಿ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾವೇ ಅದಕ್ಕೆ ಕಾರಣವೆಂದು 1921ರಲ್ಲಿ ಗೊತ್ತಾಯಿತು.

ಮರ ಮೂಲದ ಅಕ್ರೋಟು, ಎಡಗೋಡೆಯ ತೇಪೆ ಬಿಟ್ಟರೆ ಗಟ್ಟಿಯಾಗಿಯೇ ಇತ್ತು. ಪೂರ್ತಿ ಮರ ಬದಲಿಸಿದ್ದರೆ ಹಿಡಿಯ ಮೇಲಿನ ಮುದ್ರೆಗಳೂ ಅದರ ಜೊತೆ ಹೋಗುತ್ತಿದ್ದವು. ತೇಪೆ ಹಾಕಿದ ಆಚಾರಿಯ ಕೈ ಒಳ್ಳೆಯದೇ. ಆದರೆ ತೇಗದ ಎಣ್ಣೆಯಂಶಕ್ಕೆ ಅಂಟು ಹಿಡಿಯದು, ಹಾಗಾಗಿ ಕಬ್ಬಿಣದ ಮೊಳೆ ಹೊಡೆದಿದ್ದರು. ಮೊಳೆ ತುಕ್ಕು ಹಿಡಿದು ಸುತ್ತಲಿನ ಅಕ್ರೋಟು ಕರಿಯಾಗಿ ಪುಡಿಯಾಗುತ್ತಿತ್ತು, ತೇಪೆಯ ಒಳಮೈ ನಳಿಗೆಯನ್ನು ಒತ್ತುತ್ತಿತ್ತು. ಅದನ್ನು ತೆಗೆದು, ಚೀಟಿ ಅಂಟಿಸಿ ಮನೆಯವರಿಗೇ ಕೊಡಲಾಗಿದೆ. ಹೊಸ ತೇಪೆ ಕಾಶ್ಮೀರದ ಅಕ್ರೋಟಿನದು. ಯುರೋಪಿನ ಕೋವಿ ಮರವೂ ಇದೇ ಜಾತಿ. ಒಣ ಪ್ರದೇಶದಿಂದ ಬಂದ ಹಲಗೆಯನ್ನು ತಕ್ಷಣ ಕೊರೆದು ಕೂರಿಸಿದರೆ ಆಟಿ ತಿಂಗಳಲ್ಲಿ ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಒಂದು ಮಳೆಗಾಲ ಪೂರ್ತಿ ಅದೇ ಮನೆಯ ಅಟ್ಟದಲ್ಲಿಟ್ಟು ಆಮೇಲೆ ಕೊರೆಯಲಾಯಿತು. ಎರಡೂ ತುದಿ 1ಕ್ಕೆ 8ರ ಇಳಿಜಾರು. ಸರೇಸು (ತೊಗಲು, ಮೂಳೆಯಿಂದ ಮಾಡಿದ ಅಂಟು) ಇಲ್ಲಿನ ತೇವಕ್ಕೆ ಮೆತ್ತಗಾಗುತ್ತದೆ, ಎಪಾಕ್ಸಿ ಮತ್ತೆ ಬಿಡಿಸಲು ಬಾರದು. ಆದ್ದರಿಂದ ಹಳೆ ಮರದ ಮೈಗೆ ಮೊದಲು ಅಸಿಟೋನಿನಲ್ಲಿ ಶೇ. 20ರಷ್ಟು ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಎರಡು ಕೋಟು, ಅದು ಒಣಗಿದ ಮೇಲೆ ಎಪಾಕ್ಸಿ. ಬೇಕೆಂದಾಗ ಅಸಿಟೋನ್ ಇಳಿಸಿ ಬಿಡಿಸಬಹುದು. ಹೊರಮೈಗೆ ಅಗಸೆ ಎಣ್ಣೆ, ತೆಳುವಾಗಿ, ಎರಡು ದಿನಕ್ಕೊಂದು ಕೋಟು. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಬೇಕು ಇಲ್ಲವೇ ನೀರಿಗೆ ಹಾಕಬೇಕು. ನಳಿಗೆ ಕೂರುವ ತೋಡಿನ ಬರಿ ಮರಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣ, ನಳಿಗೆಯ ಅಡಿಮೈಗೂ ಅದೇ.

ಮರಳಿ ಮನೆಗೆ

ಮನೆಯವರು ಮೊದಲ ಮಳೆಗಾಲದಲ್ಲಿ ಕೋವಿಯನ್ನು ಮಖಮಲ್ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟರು. ಆಗಸ್ಟಿನಲ್ಲಿ ತೆರೆದಾಗ ಚೀಲದ ಹೊಲಿಗೆ ತಾಗಿದ ಗೆರೆಯುದ್ದಕ್ಕೂ ಕೆಂಪು ಚುಕ್ಕೆ. ಬಟ್ಟೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಈಗ ಚೀಲವಿಲ್ಲ, ಬೀಗದ ಬೀರುವಿನಲ್ಲೇ ಮರದ ಗೂಟದ ಮೇಲೆ ಅಡ್ಡಲಾಗಿ, ಗೋಡೆಗೆ ತಾಗದಂತೆ ಇದೆ, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಜೆಲ್ಲನ್ನು ಬಿಸಿ ಮಾಡಿ ಒಣಗಿಸುತ್ತಾರೆ. ಚುನಾವಣೆ ಬಂದಾಗ ಠೇವಣಿ ಇಡಲು ಆದೇಶ ಬಂದರೆ ಕೋವಿ ಠಾಣೆಗೆ ಹೋಗಬೇಕು. ಆಗ ಹೊರಮೈಗೆ ಮೇಣ ಹಚ್ಚಿ, ಕಟ್ಟಿದ ಚೀಟಿಯಲ್ಲಿ ಲೈಸನ್ಸು ನಂಬರು ಬರೆದು, ಮೂರೂ ಪಟ್ಟಿ ಮತ್ತು ಸಣ್ಣ ಸೈಟು ಕಾಣುವ ಫೋಟೋ ಜೊತೆಗಿಟ್ಟು ರಸೀದಿ ಪಡೆಯಬೇಕೆಂದು ಹೇಳಲಾಗಿದೆ.

ಗುಂಡು ಹೊಡೆಯಲು ಈ ಕೋವಿಯನ್ನು ಬಳಸಬಾರದು. ಲಾಕು ಸರಿ ಇದೆ, ನಿಪ್ಪಲಿನ ತೂತೂ ತೆರೆದಿದೆ, ಆದರೆ 1.6 ಮಿ.ಮೀ. ಗೋಡೆ ಒಮ್ಮೆ ಉಬ್ಬಿದ ಜಾಗದಲ್ಲಿ ಮತ್ತೆ ತಡೆಯುತ್ತದೆಂದು ಯಾರೂ ಭರವಸೆ ಕೊಡಲಾರರು. ಹಂದಿ ಕಾಟಕ್ಕೆ ಮನೆಯವರು ಬೇರೆ ವ್ಯವಸ್ಥೆ ನೋಡಿಕೊಂಡಿದ್ದಾರೆ.

ಗಜ ಇನ್ನೂ ಸಿಕ್ಕಿಲ್ಲ. ಕಟ್ಟಡದ ಕಬ್ಬಿಣದ್ದನ್ನು ತೆಗೆದಾಗಿದೆ. ಅದು ಗಜ ಕೂರುವ ತೋಡಿನ ಮರವನ್ನು ಸವೆಸುತ್ತಿತ್ತು. ತೋಡು ಸದ್ಯ ಖಾಲಿ. 1853ರ ರೈಫಲ್ಲಿನ ಗಜಗಳು ಎರಡು ಕಡೆ ಮಾರಾಟಕ್ಕಿದ್ದವು; ತಲೆ 0.577ರ ನಳಿಗೆಗೆಂದು ಮಾಡಿದ್ದು, ಹಾಗಾಗಿ ಕೊಳ್ಳಲಿಲ್ಲ. ನುಣುಪು ನಳಿಗೆಯ ಮಾದರಿಯದ್ದೇ ಬೇಕೆಂದು ವ್ಯಾಪಾರಿಗೆ ತೋಡಿನ ಉದ್ದ, ವ್ಯಾಸ, ಬಾಯಿಯ ಅಳತೆ ಬರೆದು ಕೊಟ್ಟಿದೆ.